ಹೆಬ್ಬೆರಳಿನ ವಿಭೂತಿ

ನೀರು ತಾಗಿದ ವಿಭೂತಿಗೆ ಒಂದು ವಾಸನೆಯಿದೆ. ಸುಮನಳಿಗೆ ಅದು ಆರನೆಯ ವಯಸ್ಸಿನಿಂದ ಗೊತ್ತು. ಭಾಲ್ಕಿಯ ಮನೆಯಲ್ಲಿ ಅಜ್ಜಿ ಸ್ನಾನ ಮುಗಿಸಿ ಬಂದು, ವಿಭೂತಿ ಗಟ್ಟಿಯ ಮೇಲೆ ನಾಲ್ಕು ಹನಿ ನೀರು ಬಿಟ್ಟು, ನಡುವಿನ ಮೂರು ಬೆರಳಿನಿಂದ ತೇಯುತ್ತಿದ್ದಳು. ಒಲೆಯ ಬೂದಿ, ಸುಣ್ಣ, ಹುಣಿಸೆಹಣ್ಣು ಹಾಕಿ ಉಜ್ಜಿದ ತಂಬಿಗೆ, ಎಲ್ಲ ಸೇರಿದಂಥ ತಣ್ಣನೆಯ ವಾಸನೆ.

ನಾಸಿಕದ ಸಾತಪುರದ ತಗಡಿನ ಶೆಡ್ಡಿನಲ್ಲಿ ಅದೇ ವಾಸನೆ ಬಂದಾಗ ಸುಮನ ಓದುತ್ತಿದ್ದ ಕಾಗದವನ್ನು ತೊಡೆಯ ಮೇಲಿಟ್ಟಳು.

ಜಗದೇವಿ ಗೋಡೆಯ ಮೇಲಿನ ಮನ್ಮಥಪ್ಪನವರ ಫೋಟೋಕ್ಕೆ ವಿಭೂತಿ ಹಚ್ಚುತ್ತಿದ್ದಳು. ಅವಳ ಗಂಡ, ಕಟ್ಟಡದ ಗೌಂಡಿ ಕೆಲಸದ ರೇವಪ್ಪ, ಎರಡು ದಿನದಿಂದ ಪೊಲೀಸ್ ಠಾಣೆಯಲ್ಲಿದ್ದ. ಅವನು ಸೇವೆ ಮಾಡುತ್ತಿದ್ದ, ಈಗ ತೀರಿಕೊಂಡ ಹಿರಿಯ ಮನ್ಮಥಪ್ಪನವರು ಸಂಭಾಜಿನಗರದ ತಮ್ಮ ಜಾಗವನ್ನು ಅವನ ಹೆಸರಿಗೆ ಬರೆದ ಮೃತ್ಯುಪತ್ರ ಅವನ ಟ್ರಂಕಿನಲ್ಲೇ ಸಿಕ್ಕಿತ್ತು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಕೋರ್ಟು. ಅಷ್ಟರೊಳಗೆ ಏನೂ ಹೊರಬೀಳದಿದ್ದರೆ ರೇವಪ್ಪ ಜೈಲಿಗೆ. ಜಗದೇವಿ ಮತ್ತು ಶಾಲೆಗೆ ಹೋಗುವ ಮಗಳು ಶೆಡ್ಡು ಖಾಲಿ ಮಾಡಿ ಬೀದಿಗೆ. ಗುತ್ತೇದಾರ ಅದನ್ನು ಬೆಳಿಗ್ಗೆಯೇ ಬಂದು ಹೇಳಿ ಹೋಗಿದ್ದ.

ಸುಮನಳಿಗೆ ಎಪ್ಪತ್ತೊಂದು. ನಾಸಿಕದ ಕಾಲೇಜೊಂದರಲ್ಲಿ ಮೂವತ್ತು ವರ್ಷ ರಾಜ್ಯಶಾಸ್ತ್ರ ಕಲಿಸಿದವಳು. ಇಲ್ಲಿಯ ಕನ್ನಡದ ಜನ ಠಾಣೆಯ ಮೆಟ್ಟಿಲು ಹತ್ತುವ ಮೊದಲು ಅವಳ ಮನೆಯ ಮೆಟ್ಟಿಲು ಹತ್ತುವುದು ರೂಢಿಯಾಗಿಹೋಗಿತ್ತು.

"ಅಕ್ಕೋರ, ಆ ಕಾಗದದಾಗ ಇವ್ರ ಮ್ಯಾಲ ಏನಂತ ಬರದಾರ್ರಿ?" ಜಗದೇವಿ ಬೆನ್ನು ತಿರುಗಿಸಿಕೊಂಡೇ ಕೇಳಿದಳು.

ಅದು ಕೂಲಿಯವರಿಗೆ ಊಟ ಹಾಕುವ ದಾಸೋಹ ಸಮಿತಿಯವರು ಕೊಟ್ಟ ದೂರಿನ ಪ್ರತಿ. ಭಾಷೆ ಮರಾಠಿ, ಅಕ್ಷರ ಅಚ್ಚುಕಟ್ಟು. ರೇವಪ್ಪ ರೋಗಿಯ ನಂಬಿಕೆಯನ್ನು ಬಳಸಿ 'ಸ್ವಯಂ ಸಮೃದ್ಧಿ' ಮಾಡಿಕೊಂಡಿದ್ದಾನೆ ಎಂದು ಅದರಲ್ಲಿತ್ತು. ಸುಮನ ಈ ಮಾತನ್ನು ತರಗತಿಯಲ್ಲಿ ಎಷ್ಟೋ ಸಲ ಬಿಡಿಸಿ ಹೇಳಿದ್ದಳು. ದುಡಿದು ಮನೆ ತುಂಬಿಸಿಕೊಂಡವನಿಗೆ ಇದು ಅನ್ವಯಿಸುವುದಿಲ್ಲ. ನಾಲ್ಕು ಜನ ನಂಬಿ ಕೊಟ್ಟ ಕುರ್ಚಿಯನ್ನೋ ಕೀಲಿಯನ್ನೋ ಸಹಿಯನ್ನೋ ಹಿಡಿದುಕೊಂಡು, ಅದರ ಬಲದಿಂದ ತನ್ನ ಮನೆ ತುಂಬಿಸಿಕೊಂಡವನಿಗೆ ಮಾತ್ರ ಈ ಮಾತು ಅಂಟುತ್ತದೆ. ಅಷ್ಟನ್ನೇ ಸರಳವಾಗಿ ಜಗದೇವಿಗೂ ಹೇಳಿದಳು.

ಜಗದೇವಿ ತಿರುಗಿ ತನ್ನ ಮನೆಯನ್ನು ನೋಡಿದಳು. ಮೂರು ಪಾತ್ರೆ, ಒಂದು ಟ್ರಂಕು, ಹಗ್ಗದ ಮೇಲೆ ಮಗಳ ಶಾಲೆಯ ಲಂಗ.

"ಕುರ್ಚಿ ಇದ್ದವ್ರಿಗಿ ಅನ್ನೋ ಮಾತ ಅಲ್ರಿ ಅದು? ನಮ್ಮನ್ಯಾಗ ಕುರ್ಚಿನೇ ಇಲ್ಲ. ನೀವ್ ಸುದ್ದಾ ಸಿಮೆಂಟ್ ಚೀಲದ ಮ್ಯಾಲ ಕುಂತೀರಿ."

ಆ ಚೀಲದ ಮೇಲೆ ಅವಳು ತನ್ನ ಮದುವೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದಳು. ಕುಳಿತ ಮೇಲಷ್ಟೇ ಸುಮನಳಿಗೆ ಅದು ಗೊತ್ತಾಗಿತ್ತು. ಏಳುತ್ತೇನೆಂದರೆ ಅವಳು ಬಿಟ್ಟಿರಲಿಲ್ಲ.

ಫೋಟೋ ಹಳೆಯದಲ್ಲ. ಮನ್ಮಥಪ್ಪನವರ ಮಣ್ಣಿನ ದಿನ ತೆಗೆದದ್ದು. ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕೊರಳಲ್ಲಿ ಹಾರ, ಹಣೆ, ಎದೆ, ತೋಳುಗಳ ಮೇಲೆ ಮೂರೆಳೆ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ಹನ್ನೊಂದನೆಯ ದಿನ ಬಂದವರಿಗೆಲ್ಲ ಒಂದೊಂದು ಪ್ರತಿ ಹಂಚಿದ್ದರು. ನಾಲ್ಕು ತಿಂಗಳು ಅವರ ಹಾಸಿಗೆಯ ಪಕ್ಕದಲ್ಲೇ ಮಲಗೆದ್ದು ಸೇವೆ ಮಾಡಿದ ರೇವಪ್ಪ ತನ್ನ ಪ್ರತಿಗೆ ತಾನೇ ಕಟ್ಟು ಹಾಕಿಸಿದ್ದ.

ಆ ದಿನ ಸುಮನಳೂ ಅಲ್ಲಿದ್ದಳು. ಆದರೆ ಕಣ್ಣು ತುಂಬಿತ್ತು, ಮುಂದೆ ಜನ ನಿಂತಿದ್ದರು. ಈಗ ಮೊದಲ ಬಾರಿಗೆ ಹತ್ತಿರದಿಂದ ನೋಡಿದಳು.

ಎಡ ಹೆಬ್ಬೆರಳು ಬುಡದಿಂದ ತುದಿಯವರೆಗೆ ಬಿಳಿ.

ಅಜ್ಜಿ ಹೇಳಿಕೊಟ್ಟ ಕ್ರಮ ಒಂದೊಂದಾಗಿ ನೆನಪಾಯಿತು. ಹಣೆಗೆ, ಕೊರಳಿಗೆ, ಎದೆಗೆ, ತೋಳಿಗೆ, ಮುಂಗೈಗೆ. ಹೆಬ್ಬೆರಳಿಗೆ ಹಚ್ಚುವುದನ್ನು ಅವಳು ಈ ಎಪ್ಪತ್ತು ವರ್ಷದಲ್ಲಿ ಎಲ್ಲೂ ನೋಡಿರಲಿಲ್ಲ.

ಕನ್ನಡಕ ತೆಗೆದು ಒರೆಸಿದಳು. ಫೋಟೋವನ್ನು ಫೋನಿನಲ್ಲಿ ಹಿಡಿದು, ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಬಿಳಿಯ ಅಂಚಿನಲ್ಲಿ, ಉಗುರಿನ ಸಂದಿಯಲ್ಲಿ, ಕೂದಲೆಳೆಯಷ್ಟು ನೇರಳೆ ಬಣ್ಣ.

ಶಾಯಿ.

ಮನ್ಮಥಪ್ಪನವರ ಬಲಗೈ ಲಕ್ವಾ ಹೊಡೆದು ಬಿದ್ದುಹೋಗಿದ್ದರಿಂದ ಮೃತ್ಯುಪತ್ರದಲ್ಲಿ ಸಹಿಯ ಬದಲು ಎಡ ಹೆಬ್ಬೆಟ್ಟು ಇತ್ತು. ಅದರ ತಾರೀಖು ಜೂನ್ ಎರಡು. ಅವರು ತೀರಿಕೊಂಡದ್ದು ಆಗಸ್ಟ್ ಹದಿನಾಲ್ಕಕ್ಕೆ. ಜೂನಿನಲ್ಲಿ ತಾಗಿದ ಶಾಯಿ ಆಗಸ್ಟಿನವರೆಗೆ ಯಾರ ಉಗುರಿನಲ್ಲೂ ನಿಲ್ಲುವುದಿಲ್ಲ. ಅಂದರೆ ಆ ಹೆಬ್ಬೆಟ್ಟು ಒತ್ತಿಸಿಕೊಂಡದ್ದು ಅವರು ಸತ್ತ ದಿನ. ಒತ್ತಿಸಿಕೊಂಡು, ಗುರುತು ಕಾಣದಿರಲೆಂದು ವಿಭೂತಿ ಬಳಿದಿದ್ದಾರೆ. ದೇವರ ಹೆಸರಿನ ಬೂದಿಯಿಂದ.

ಆ ಬೆಳಗಿನ ಜಾವ ರೇವಪ್ಪ ಎಲ್ಲಿದ್ದ ಎಂದು ಕೇಳಿದಳು. ಹಾಲು ತರಲು ಹೋಗಿದ್ದನಂತೆ. ಬರುವುದರೊಳಗೆ ಎಲ್ಲರೂ ಮುತ್ಯಾ ಎನ್ನುವ ಮನ್ಮಥಪ್ಪನವರು ಹೋಗಿಬಿಟ್ಟಿದ್ದರು. ಕೊನೆಯ ಗುಟುಕು ನೀರು ಹಾಕಲು ತನ್ನ ಕೈ ಇರಲಿಲ್ಲವಲ್ಲ ಎಂದು ಅವನು ಈಗಲೂ ರಾತ್ರಿ ಎದ್ದು ಕೂರುತ್ತಾನೆ ಎಂದಳು ಜಗದೇವಿ.

ಸುಮನ ಅಲ್ಲಿಂದಲೇ ಠಾಣೆಯ ಫೌಜದಾರ್ ಲತಾ ಗಾಯಕವಾಡರಿಗೆ ಫೋನ್ ಮಾಡಿದಳು. ಒರಟು ದನಿಯ ಹೆಂಗಸು. ಆದರೆ ನಿನ್ನೆ ರೇವಪ್ಪ ಕೆಮ್ಮುವುದನ್ನು ಕೇಳಿ ತನ್ನ ಮೇಜಿನ ಫ್ಲಾಸ್ಕಿನಿಂದ ಬಿಸಿನೀರು ಕಳಿಸಿದ್ದನ್ನು ಸುಮನ ನೋಡಿದ್ದಳು. ಫೋಟೋ ಒಳ್ಳೆಯದೇ, ಆದರೆ ಅದೊಂದೇ ಸಾಲದು, ಆ ಬೆರಳನ್ನು ಕಣ್ಣಾರೆ ಕಂಡವರು ಬೇಕು ಎಂದರು ಲತಾ.

ಕಂಡವರು ಇರುವುದು ಮನ್ಮಥಪ್ಪ ತೀರಿಕೊಂಡ ಸಂಭಾಜಿನಗರದಲ್ಲಿ. ಸುಮನ ಒಂಬತ್ತೂವರೆಯ ಎಸ್.ಟಿ. ಬಸ್ಸು ಹಿಡಿದಳು.

ಹೆಂಗಸರ ಅರ್ಧ ಟಿಕೆಟ್ಟು ಹರಿದುಕೊಟ್ಟ ಕಂಡಕ್ಟರ್, ಕೇಳದೆಯೇ ತನ್ನ ಚೀಲ ಎತ್ತಿಕೊಂಡು ಮುಂದಿನ ಸೀಟು ಬಿಟ್ಟುಕೊಟ್ಟ. ಯೇವಲಾ ದಾಟಿ ವೈಜಾಪುರ ಬರುವವರೆಗೂ ಅವಳು ಒಂದೇ ವಿಷಯ ಯೋಚಿಸಿದಳು.

ಆ ಜಾಗದಲ್ಲಿ ಕೂಲಿಯವರ ಮಕ್ಕಳಿಗೆ ವಸತಿ ನಿಲಯ ಕಟ್ಟಿಸುತ್ತೇನೆಂದು ಮನ್ಮಥಪ್ಪ ಬಸವ ಜಯಂತಿಯ ದಿನ ಎಲ್ಲರೆದುರು ಮಾತು ಕೊಟ್ಟಿದ್ದರು. ಆ ದಾನದ ಕಾಗದ ಆಗಬೇಕಿದ್ದ ವಾರದಲ್ಲೇ ಸತ್ತರು. ಈಗ ಈ ಮೃತ್ಯುಪತ್ರ ಸುಳ್ಳೆಂದು ಬಿದ್ದರೆ ಜಾಗ ಮನೆಯವರದು, ಅಂದರೆ ಹೆಂಡತಿ ಸಂಗಮ್ಮ ಮತ್ತು ಮಗ ಬಸವಕುಮಾರನದು. ನಿಂತರೆ ರೇವಪ್ಪನದು, ರೇವಪ್ಪನಿಗೆ ಓದು ಬಾರದು, ಅವನ ಹೆಬ್ಬೆಟ್ಟು ಯಾರ ಕೈಲಿದೆಯೋ ಕೊನೆಗೆ ಅವರದು. ಎರಡರಲ್ಲೂ ಮಕ್ಕಳ ವಸತಿ ನಿಲಯ ಮೇಲೇಳುವುದಿಲ್ಲ.

ರೇವಪ್ಪನ ಹೆಬ್ಬೆಟ್ಟು ಯಾರ ಕೈಲಿತ್ತು? ಸೈಟುಗಳಲ್ಲಿ ನಡೆಯುವ ಪದ್ಧತಿ ಅವಳಿಗೆ ಗೊತ್ತಿತ್ತು. ಕೆಲಸಗಾರರ ಕಾರ್ಡು ಮಾಡಿಸಲು ಖಾಲಿ ಫಾರ್ಮುಗಳ ಮೇಲೆ ಮೊದಲೇ ಎಲ್ಲರ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಬರಹ ಆಮೇಲೆ. ಈ ಸಲ ಆ ಫಾರ್ಮುಗಳನ್ನು ಕೂಡಿಸಿಟ್ಟುಕೊಂಡವರು ದಾಸೋಹ ಸಮಿತಿಯ ಕಾರ್ಯದರ್ಶಿ ಶರಣಬಸವ. ದೂರು ಬರೆದವರೂ ಅವರೇ.

ಸಮಿತಿಯ ಕಚೇರಿ ಇದ್ದದ್ದು ಮನ್ಮಥಪ್ಪನವರ ಮನೆಯ ಹೊರಕೋಣೆಯಲ್ಲಿ. ಸುಮನ ಹೋದಾಗ ಎರಡು ಗಂಟೆ. ಒಳಗಿನಿಂದ ಸಂಗಮ್ಮ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಶರಣಬಸವ ಗಂಜಿ ಹಾಕಿದ ಬಿಳಿ ಅಂಗಿಯಲ್ಲಿ, ಮನೆಯಿಂದ ತಂದ ನೀರಿನ ಬಾಟಲಿ ಪಕ್ಕದಲ್ಲಿಟ್ಟುಕೊಂಡು ಕುಳಿತಿದ್ದರು.

"ಬರ್ರಿ ಅಕ್ಕೋರ. ಚಹಾ ಮಾತ್ರ ಕೇಳಬ್ಯಾಡ್ರಿ. ಸಮಿತಿ ಚಹಾ ಇಪ್ಪತ್ತ್ ವರ್ಷದಾಗ ನಾ ಕುಡದಿಲ್ಲ, ಯಾರಿಗೂ ಕುಡಸಿಲ್ಲ."

ಸುಮನ ದೂರಿನ ಪ್ರತಿಯನ್ನು ಮೇಜಿನ ಮೇಲಿಟ್ಟಳು. "ಈ ಸ್ವಯಂ ಸಮೃದ್ಧಿ ಅನ್ನೋ ಮಾತು ನಿಮ್ಮದೇನ್ರಿ?"

"ನಮ್ಮ ನಿಯಮಾವಳಿದು. ಒಂಬತ್ತನೇ ಕಲಮು."

"ಅದು ಹುದ್ದಾ ಇದ್ದವ್ರಿಗಿ ಬರದದ್ದು. ರೇವಪ್ಪಗ ಯಾವ ಹುದ್ದಾ ಇತ್ರಿ?"

ಶರಣಬಸವ ಪೆನ್ನಿನ ಮುಚ್ಚಳ ಹಾಕಿ ಬದಿಗಿಟ್ಟರು.

"ಸಮಿತಿ ಕೀಲಿ ನನ್ನ ಬಲ್ಲಿ ಅದ, ಖರೇ. ಮುತ್ಯಾನ ಬಾಯಿಗಿ ನೀರ ಹಾಕೋ ಕೈ ಅವನ ಬಲ್ಲಿ ಇತ್ತು. ಎದ್ದು ಕುಂದ್ರಾಕ ಬರದ ಮನಷ್ಯಾನ ಹಾಸಿಗಿ ಬಲ್ಲಿ ಕುಂದ್ರೋದಕ್ಕಿಂತ ದೊಡ್ಡ ಹುದ್ದಾ ಯಾವುದ್ರಿ ಅಕ್ಕೋರ? ಸಂಬಳ, ಕುರ್ಚಿ ಇದ್ರ ಮಾತ್ರ ನಂಬಿಗೀನಾ?"

ಮೂವತ್ತು ವರ್ಷ ಪಾಠ ಹೇಳಿದ್ದರಲ್ಲಿ ಇಷ್ಟು ನೇರವಾಗಿ ಸುಮನಳೂ ಹೇಳಿರಲಿಲ್ಲ. ಈ ಮನುಷ್ಯ ಸುಳ್ಳುಗಾರನಾದರೆ ಬಹಳ ಒಳ್ಳೆಯ ಸುಳ್ಳುಗಾರ.

"ಹಂಗಾದ್ರ ಆ ಹಾಸಿಗಿ ಬಲ್ಲಿ ಬಂದವ್ರನ್ನ ಎಲ್ಲಾರ್ನೂ ಕೇಳಬೇಕಲ್ರಿ," ಎಂದಳು. "ನಿಮ್ಮಿಂದಲೇ ಚಾಲೂ ಮಾಡ್ತೀನಿ. ರೇವಪ್ಪನ ಹೆಬ್ಬೆಟ್ಟಿರೋ ಖಾಲಿ ಫಾರ್ಮ್ ನಿಮ್ಮ ಬಲ್ಲಿ ಅದ. ಅದರ ಮ್ಯಾಲ ಏನ್ ಬರಕೊಂಡೀರಿ?"

ಶರಣಬಸವರ ಕಿವಿ ಕೆಂಪಾಯಿತು. ಎದ್ದು ಕಪಾಟು ತೆರೆದು, ಒಂದು ದಪ್ಪ ಫೈಲನ್ನು ಅವಳ ಮುಂದೆ ಇಟ್ಟರು. ಇಟ್ಟರು ಅನ್ನುವುದಕ್ಕಿಂತ ಎಸೆದರು. ಸುಮನ ಒಂದೊಂದೇ ಹಾಳೆ ತಿರುವಿದಳು. ಯಮನವ್ವ, ಪರಮೇಶ್ವರ, ಇನ್ನೂ ಎಷ್ಟೋ ಹೆಸರು. ರೇವಪ್ಪನ ಫಾರ್ಮೂ ಅಲ್ಲೇ ಇತ್ತು. ಹೆಬ್ಬೆಟ್ಟಿನ ಮೇಲೆ ಒಂದಕ್ಷರವೂ ಇರಲಿಲ್ಲ. ಫಾರ್ಮುಗಳಿಗೆಲ್ಲ ಸಾಲಾಗಿ ನಂಬರು ಹಾಕಿದ್ದರು, ನಡುವೆ ಒಂದೂ ತಪ್ಪಿರಲಿಲ್ಲ.

"ಆತೇನ್ರಿ?" ಎಂದರು ಶರಣಬಸವ. ದನಿ ಒಡೆದಿತ್ತು. "ಕಳ್ಳನ್ನ ಹುಡುಕ್ಕೋತ ಬಂದು ನನ್ನ ಮಾರಿ ನೋಡಿದ್ರಿ. ಇರಲಿ."

ಸುಮನ ಕ್ಷಮೆ ಕೇಳಿದಳು. ಅವರು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ತಮ್ಮ ಬಾಟಲಿಯ ನೀರನ್ನು ಲೋಟಕ್ಕೆ ಬಗ್ಗಿಸಿ ಅವಳ ಕಡೆ ಸರಿಸಿದರು.

ಆಗ ಅವಳು ಫೋನಿನ ಫೋಟೋ ತೋರಿಸಿದಳು. ಹೆಬ್ಬೆರಳಿನ ವಿಭೂತಿ, ಉಗುರಿನ ಸಂದಿಯ ನೇರಳೆ ಗೆರೆ, ಎರಡು ತಾರೀಖು, ಎಲ್ಲವನ್ನೂ ಬಿಡಿಸಿ ಹೇಳಿದಳು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ಶರಣಬಸವ ಕುರ್ಚಿಯ ಹಿಡಿಕೆ ಹುಡುಕಿಕೊಂಡು ಕುಳಿತರು. ಮೇಜಿನ ಖಾನೆ ಎಳೆದು ಒಂದು ಸ್ಟ್ಯಾಂಪ್ ಪ್ಯಾಡು ತೆಗೆದರು. ಕೂಲಿಯವರ ಊಟದ ಚೀಟಿಗೆ ಮುದ್ರೆ ಒತ್ತುವ ಪ್ಯಾಡು, ಶಾಯಿ ನೇರಳೆ. ಮುತ್ಯಾ ತೀರಿಕೊಳ್ಳುವ ಹಿಂದಿನ ಸಂಜೆ ಅದು ಕಾಣೆಯಾಗಿತ್ತಂತೆ. ಮೂರನೆಯ ದಿನ ನೋಡಿದರೆ ಖಾನೆಯಲ್ಲೇ ಇತ್ತು. ಸಾವಿನ ಮನೆಯ ಗಡಿಬಿಡಿ ಎಂದು ಅವರು ಯಾರನ್ನೂ ಕೇಳಿರಲಿಲ್ಲ.

ತಗಡಿನ ಮುಚ್ಚಳದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿಕೊಂಡಿತ್ತು. ಶರಣಬಸವ ಅದನ್ನು ಇಷ್ಟು ದಿನ ಸೀಮೆಸುಣ್ಣ ಅಂದುಕೊಂಡಿದ್ದರು. ಸುಮನ ಲೋಟದ ನೀರಿನಲ್ಲಿ ಬೆರಳದ್ದಿ ಪುಡಿಗೆ ತಾಗಿಸಿ, ಮೂಗಿನ ಹತ್ತಿರ ಹಿಡಿದಳು. ವಿಭೂತಿ. ಶರಣಬಸವರಿಗೆ ಹೇಳಬೇಕಾಗಿರಲಿಲ್ಲ. ಅವರ ಮುಖದಲ್ಲೇ ಗೊತ್ತಾಯಿತು.

ಹೊರಬಾಗಿಲ ಕೀಲಿ ಶರಣಬಸವರ ಹತ್ತಿರ ಮಾತ್ರ ಇರುವುದು. ಒಳಬಾಗಿಲ ಅಗಳಿ ಮನೆಯ ಕಡೆಗಿದೆ. ಪ್ಯಾಡು ಹೋದದ್ದೂ ಬಂದದ್ದೂ ಆ ಬಾಗಿಲಿಂದ.

"ಬಸವಕುಮಾರ," ಎಂದಳು ಸುಮನ.

ಶರಣಬಸವ ತಲೆ ಅಲ್ಲಾಡಿಸಿದರು. "ಅವ ಅವತ್ತ ನಾಸಿಕದ ಆಚಿ ಘೋಟ್ಯಾಗ ಇದ್ದ. ಅಂಗಡಿಗಿ ಅಕ್ಕಿ ತರಾಕ ಹಿಂದಿನ ದಿನಾನೇ ಹೋಗಿದ್ದ. ಅಪ್ಪ ಹ್ವಾದ್ರು ಅಂತ ಗಿರಣಿ ಫೋನಿಗಿ ಮಾಡಿ ಹೇಳಿದವ ನಾನು. ಗಿರಣಿ ಮಾಲಕರೇ ಅವನ ಕೈಯಾಗ ಫೋನ್ ಕೊಟ್ಟಾರ. ಇಲ್ಲಿ ಬಂದು ಮುಟ್ಟಾಕ ಹನ್ನೊಂದಾಗೇದ."

ಹಾಗಾದರೆ ಯಾರು?

ಫೋಟೋ ತೆಗೆದವನ ಹತ್ತಿರ ಇನ್ನೂ ದೊಡ್ಡ, ಸ್ಪಷ್ಟ ಪ್ರತಿ ಇರುತ್ತದೆ, ಈಗಲೇ ತರುತ್ತೇನೆ ಎಂದು ಶರಣಬಸವ ಚಪ್ಪಲಿ ಮೆಟ್ಟಿಕೊಂಡರು. ಹೊರಡುವ ಮುನ್ನ ದೂರಿನ ಪ್ರತಿಯನ್ನು ಎತ್ತಿ, 'ಸ್ವಯಂ ಸಮೃದ್ಧಿ' ಎಂಬ ಎರಡು ಪದಗಳ ಮೇಲೆ ಪೆನ್ನಿನಿಂದ ಗೆರೆ ಎಳೆದು, ಬದಿಗೆ ಸಹಿ ಹಾಕಿದರು. ಕೋರ್ಟಿನಲ್ಲಿ ಅದಕ್ಕೆ ಬೆಲೆ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅವರ ಸ್ಕೂಟರಿನ ಸದ್ದು ದೂರವಾದ ಮೇಲೆ ಒಳಬಾಗಿಲ ಅಗಳಿ ಸರಿಯಿತು.

ಸಂಗಮ್ಮ ನಿಂತಿದ್ದರು. ಮೊಣಕೈವರೆಗೆ ಜೋಳದ ಹಿಟ್ಟು. ಸುಮನಳಿಗಿಂತ ನಾಲ್ಕು ವರ್ಷ ದೊಡ್ಡವರು. ಸುಮನಳ ಗಂಡ ಆಸ್ಪತ್ರೆಯಲ್ಲಿದ್ದ ಮೂರು ವಾರ, ಈ ಊರಿನಿಂದ ನಾಸಿಕಕ್ಕೆ ಬಂದು, ಅವಳ ತಲೆ ಬಾಚಿ ಜಡೆ ಹಾಕಿ ಮಲಗಿಸುತ್ತಿದ್ದ ಕೈ ಅದು.

"ಇಷ್ಟೆಲ್ಲಾ ತಿರುಗೂದ್ರ ಬದಲಿ ನನ್ನ ಒಂದ್ ಮಾತ ಕೇಳಬಾರದಿತ್ತಾ ಸುಮನಾ?" ಎಂದರು. "ಆ ಬೆರಳಿಗಿ ಇಬತ್ತಿ ಹಚ್ಚಿದಾಕಿ ನಾನು."

ಸುಮನ ಮೇಜಿನ ಅಂಚು ಹಿಡಿದುಕೊಂಡಳು.

ಸಂಗಮ್ಮ ಬಾಗಿಲ ಚೌಕಟ್ಟಿಗೆ ಒರಗಿ, ಯಾರದೋ ಮನೆಯ ಸುದ್ದಿ ಹೇಳುತ್ತಿರುವ ಹಾಗೆ ಹೇಳಿದರು. ಗಂಡ ಜಾಗವನ್ನು ದಾನ ಮಾಡುತ್ತೇನೆಂದಾಗ ಅವರಿಗೆ ಹೊಟ್ಟೆಯಲ್ಲಿ ಕಿಚ್ಚು ಬಿದ್ದಿತ್ತು. ಇಷ್ಟು ವರ್ಷ ಬಾಳ್ವೆ ಮಾಡಿದ ತನಗೆ ಏನು ಉಳಿಯಿತು ಎಂದು ಒಬ್ಬನ ಮುಂದೆ ಬಾಯಿಬಿಟ್ಟರು. ಜಾಗ ಮನೆಯಲ್ಲೇ ಉಳಿಯುವ ದಾರಿ ಇದೆ ಎಂದು ಅವನು ಹೇಳಿದ. ಪ್ಯಾಡು ತೆಗೆದುಕೊಡು ಎಂದ, ಕೊಟ್ಟರು. ಬೆಳಗಿನ ಜಾವ ರೇವಪ್ಪನನ್ನು ಹಾಲಿಗೆ ಕಳಿಸು ಎಂದ, ಕಳಿಸಿದರು. ಕಾಗದ ಯಾರ ಹೆಸರಿಗಿದೆ ಎಂದು ಕೇಳಲಿಲ್ಲ. ರೇವಪ್ಪನ ಹೆಸರು ಅದರಲ್ಲಿದೆ ಎಂದು ತಿಳಿದದ್ದು ಪೊಲೀಸರು ಅವನನ್ನು ಹಿಡಿದ ಮೇಲೆ.

"ಶರಣಬಸವ ಕಾಗದದಾಗ ಬರದಾನಲ್ಲ, ಆ ದೊಡ್ಡ ಮಾತು," ಎಂದರು. "ಅದು ನನ್ನ ಹೆಸರಿನ ಮುಂದ ಇರಬೇಕಿತ್ತು."

"ಅವ್ರು ಹ್ವಾದ ಮ್ಯಾಲ ಒತ್ತಿಸಿದ್ದು ಹೌದಲ್ಲಾ ಅಕ್ಕಾ?" ಸುಮನ ಕೇಳಿದಳು. ಅಷ್ಟಾದರೂ ಹೌದೆನ್ನಲಿ ಎಂದು ಅವಳ ಮನಸ್ಸು ಕಾಯುತ್ತಿತ್ತು.

ಸಂಗಮ್ಮ ತಮ್ಮ ಬಲಗೈ ಬೆರಳುಗಳನ್ನು ನೋಡಿಕೊಂಡರು.

"ಒತ್ತಿಸ್ಕೊಂಡು ಅವ ಹೊರಗ ಹ್ವಾದ. ನಾ ಒಳಗ ಬಂದು ನೋಡಿದ್ರ ಬೆರಳ ತುಂಬ ಶಾಯಿ. ಕೈ ಹಿಡದೆ. ಬೆಚ್ಚಗಿತ್ತು ಸುಮನಾ. ನನ್ನ ಬೆರಳ ಗಟ್ಟಿ ಹಿಡದ್ರು, ಉಸರು ಸಿಕ್ಕೊಂಡಿತ್ತು. ಡಾಕ್ಟರ್ ನಾಕ್ ಮನಿ ಆಚಿಗಿ. ಕೂಗಿದ್ರ ಕೇಳ್ತದ." ಬೆರಳಿಗಂಟಿದ ಹಿಟ್ಟನ್ನು ಉಜ್ಜಿಕೊಂಡರು. "ನಾ ಮೊದಲ ಇಬತ್ತಿ ತರಾಕ ಹೋದೆ."

ಬೀದಿಯಲ್ಲಿ ತರಕಾರಿ ಗಾಡಿಯವನು ಮರಾಠಿಯಲ್ಲಿ ಮೆಂತ್ಯದ ದರ ಕೂಗಿಕೊಂಡು ಹೋದ. ಐವತ್ತು ವರ್ಷದ ಗೆಳತಿಯ ಮುಖದಲ್ಲಿ ಸುಮನಳಿಗೆ ಪರಿಚಯದ ಒಂದು ಗೆರೆಯೂ ಕಾಣಲಿಲ್ಲ.

"ಯಾರವ?"

"ನಾಳಿ ನಿನ್ನ ಕೋರ್ಟಿಗಿ ಬಂದು ಹೇಳ್ತೀನಿ."

"ಈಗ ಹೇಳ್ರಿ. ಇಲ್ಲಾಂದ್ರ ನನ್ನ ಕೂಡ ಐದರ ಬಸ್ಸಿಗಿ ಬರ್ರಿ. ನಿಮ್ಮನ್ನ ಇಲ್ಲಿ ಬಿಟ್ಟು ಹೋಗಂಗಿಲ್ಲ ನಾ."

"ಬರಂಗಿಲ್ಲ. ಇವತ್ತ ಅವ ಉಣ್ಣಾಕ ಬರ್ತಾನ. ನನ್ನ ಎದುರಿಗಿ ಕುಂತು ಉಣ್ಲಿ. ನಾ ಹೇಳೋದು ಅವಗ ಮೊದಲ ಹೇಳಿ ಆಮ್ಯಾಲ ಜಗತ್ತಿಗಿ ಹೇಳ್ತೀನಿ."

ಸಂಗಮ್ಮನ ಭುಜದಾಚೆ ಅಡುಗೆಮನೆ ಕಾಣುತ್ತಿತ್ತು. ನೆಲದ ಮೇಲೆ ಎದುರುಬದುರಾಗಿ ಎರಡು ಮಣೆ ಹಾಕಿತ್ತು. ಸುಮನ ಅವರ ಕೈ ಹಿಡಿದು ಬೇಡಿಕೊಂಡಳು, ಬೈದಳು, ಲತಾ ಗಾಯಕವಾಡರ ಹೆಸರು ಹೇಳಿ ಹೆದರಿಸಿದಳು. ಅವರು ಎಲ್ಲವನ್ನೂ ಕೇಳಿಸಿಕೊಂಡು, ಮೆಲ್ಲನೆ ಕೈ ಬಿಡಿಸಿಕೊಂಡು ಒಳಗೆ ಹೋದರು.

ಬಂದಾಗ ಕೈಯಲ್ಲಿ ಬಟ್ಟೆ ಕಟ್ಟಿದ ಡಬ್ಬಿಯಿತ್ತು. ಗಂಟನ್ನು ಇನ್ನೊಮ್ಮೆ ಬಿಗಿದು, ಸುಮನಳ ಎರಡೂ ಕೈಗಳ ಮೇಲೆ ಇಟ್ಟರು.

"ರೇವಪ್ಪಗ," ಎಂದರು. "ಖಾರ ಕಡಿಮಿ ಹಾಕೀನಿ. ಅವನ ಹೊಟ್ಟಿಗಿ ತಡ್ಯಂಗಿಲ್ಲ."